ಸಯನ್ ಮನೆಯ ಇಂಗ್ಲಿಷ್ ದಸ್ತಾವೇಜು

ಆ ದಸ್ತಾವೇಜಿನಲ್ಲಿ ಒಂದೇ ಒಂದು ಪೂರ್ಣವಿರಾಮ ಇರಲಿಲ್ಲ. ಅಲ್ಪವಿರಾಮವೂ ಇಲ್ಲ. ನನ್ನ ಮೇಜನ್ನು ಪೂರ್ತಿ ಮುಚ್ಚುವಷ್ಟು ದೊಡ್ಡ ಚರ್ಮದ ಹಾಳೆ; ಎಡ ಅಂಚಿನಿಂದ ಬಲ ಅಂಚಿನವರೆಗೆ ಉಸಿರು ಬಿಡಲು ಜಾಗವಿಲ್ಲದಂತೆ ಬರೆದ ಇಂಗ್ಲಿಷು, ವಿಕ್ಟೋರಿಯಾ ರಾಣಿಯ ಕಾಲದ್ದು. ಅಷ್ಟೂ ಸಾಲು ಸೇರಿ ಒಂದೇ ವಾಕ್ಯ. ನೋಡಿದವರಿಗೆ ತಲೆ ಚಿಟ್ಟು ಹಿಡಿಯಬೇಕು. ನನಗೋ, ನಿಜ ಹೇಳುತ್ತೇನೆ, ಬಾಯಲ್ಲಿ ನೀರೂರಿತು.

ಐವತ್ತರ ದಶಕದ ಮೊದಲ ವರ್ಷಗಳು ಅವು. ಮುಂಬಯಿಯಲ್ಲಿ ಟ್ರಾಮು ಇನ್ನೂ ಓಡುತ್ತಿತ್ತು. ಫೋರ್ಟಿನ ಒಂದು ಸಾಲಿಸಿಟರ್ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದೆ. ಆಸ್ತಿಗಳ ಹಳೆಯ ಕಾಗದಗಳನ್ನು ಓದಿ, ಯಾವುದು ಯಾರಿಂದ ಯಾರಿಗೆ ಬಂತೆಂದು ಪಟ್ಟಿ ಮಾಡಿ ಸಾಹೇಬರ ಮುಂದಿಡುವುದು ನನ್ನ ಕೆಲಸ. ಸಾಹೇಬರು ಪಾರ್ಸಿ. ಆಫೀಸಿನಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ, ಅದೂ ಧಾರವಾಡದ ಕನ್ನಡ. ಹಾಗಾಗಿ ಊರ ಉತ್ತರದಂಚಿನ ಸಯನ್‌ನಿಂದ ಮೇಣಬಟ್ಟೆಯ ಸುರುಳಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ ಅಜ್ಜಿಯನ್ನು ಜವಾನ ಯಾರನ್ನೂ ಕೇಳದೆ ನನ್ನ ಮೇಜಿಗೆ ತಂದು ಬಿಟ್ಟ.

"ನೀವು ಕನ್ನಡದವ್ರಾ? ದೇವರು ದೊಡ್ಡವ್ರು ಮಾರಾಯ್ರೆ," ಎಂದರು ಅಜ್ಜಿ. ಅರವತ್ತೈದು ದಾಟಿದ ಜೀವ. ಉಡುಪಿ ಕಡೆಯವರೆಂದು ಮೊದಲ ಮಾತಿಗೇ ಗೊತ್ತಾಯಿತು. "ಈ ಕಾಗದ ಎಷ್ಟೋ ಜನಕ್ಕೆ ತೋರಿಸಿ ಆಯ್ತು. ಎಲ್ಲರೂ ಮೇಲಿನ ಗೆರೆ ಓದ್ತಾರೆ, ಕೆಳಗಿನ ಗೆರೆ ಓದ್ತಾರೆ, ಮಡಚಿ ಕೊಡ್ತಾರೆ. ನಡುವೆ ಎಂತ ಉಂಟು ಅಂತ ಒಬ್ಬರೂ ಹೇಳ್ಲಿಲ್ಲ."

"ನಾ ಹೇಳ್ತೀನ್ರಿ ಅಮ್ಮಾರ. ನಾಲ್ಕು ದಿನಾ ಕೊಡ್ರಿ," ಎಂದೆ. ನನ್ನ ಇಂಗ್ಲಿಷಿನ ಬಗ್ಗೆ ಆಗ ನನಗಿದ್ದ ಹೆಮ್ಮೆಗೆ ನಾಲ್ಕು ದಿನವೂ ಹೆಚ್ಚೇ ಅನಿಸಿತ್ತು.

ಅವರ ಸಂಕಟ ಇಷ್ಟು. ಸಯನ್‌ನಲ್ಲಿ ಅವರದೊಂದು ಹೆಂಚಿನ ಮನೆ, ಸುತ್ತ ಒಂದಿಷ್ಟು ಜಾಗ. ಅವರ ಅಜ್ಜಿಯ ಅಣ್ಣ ಕಾಂತು ಎಂಬವರು ಮಂಗಳೂರಿನಿಂದ ಹಡಗಿನಲ್ಲಿ ಹೆಂಚು ತರಿಸಿ ಮಾರುತ್ತಿದ್ದವರು. ಆ ಕಾಲದಲ್ಲಿ ಅವರು ಕೊಂಡ ಮನೆ ಇದು. ಈಗ ಅದೇ ಕಾಂತುವಿನ ಮರಿಮಗ, ಮುಲುಂಡ್‌ನಲ್ಲಿರುವ ಒಬ್ಬ ನೌಕರಸ್ಥ, ವಕೀಲರಿಂದ ನೋಟೀಸು ಕೊಡಿಸಿದ್ದ. ಮನೆ ತನ್ನ ಮುತ್ತಜ್ಜನದು, ನಿಮ್ಮನ್ನು ದಯೆಯಿಂದ ಇರಗೊಟ್ಟಿದ್ದರು, ಒಂದು ತಿಂಗಳಲ್ಲಿ ಖಾಲಿ ಮಾಡಿ, ಅಲ್ಲಿ ಬಿಲ್ಡಿಂಗ್ ಏಳಲಿದೆ ಎಂದು. ಅಜ್ಜಿ ಹುಟ್ಟಿದ್ದು ಆ ಮನೆಯಲ್ಲಿ. ಈಗ ವಿಧವೆ ಮಗಳು, ಇಬ್ಬರು ಹೆಣ್ಣು ಮೊಮ್ಮಕ್ಕಳ ಜೊತೆ ಇರುವುದೂ ಅಲ್ಲೇ. ಬೇರೆ ಹೋಗಲು ಅವರಿಗೆ ಜಾಗವಿರಲಿಲ್ಲ.

ಹಳೆಯ ಇಂಗ್ಲಿಷ್ ದಸ್ತಾವೇಜನ್ನು ಓದುವುದಕ್ಕೆ ಒಂದು ಕ್ರಮವಿದೆ. ವಿರಾಮಚಿಹ್ನೆ ಇರುವುದಿಲ್ಲ, ಬೇಕೆಂದೇ ಹಾಕುತ್ತಿರಲಿಲ್ಲ. ಆಮೇಲೆ ಯಾರಾದರೂ ಒಂದು ಚುಕ್ಕಿ ಸೇರಿಸಿ ಅರ್ಥ ಕೆಡಿಸಬಾರದಲ್ಲ! ಅದರ ಬದಲು ಅಲ್ಲಲ್ಲಿ ಒಂದೊಂದು ಪದವನ್ನು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಆ ದಪ್ಪ ಪದಗಳೇ ಬಾಗಿಲುಗಳು. ಮೊದಲಿಗೆ ಪತ್ರ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರುಗಳು. ಆಮೇಲೆ ‘ಹೀಗಿರುವಲ್ಲಿ’ ಎಂಬರ್ಥದ ಪದ. ಅಲ್ಲಿಂದ ಆಸ್ತಿಯ ಪೂರ್ವಕಥೆ. ‘ಈಗ ಈ ಪತ್ರ ಸಾರುವುದೇನೆಂದರೆ’ ಎಂಬಲ್ಲಿಂದ ನಿಜವಾದ ವ್ಯವಹಾರ. ‘ಹೊಂದಿ ಅನುಭವಿಸತಕ್ಕದ್ದು’ ಎಂಬಲ್ಲಿ ಯಾರಿಗೆ, ಎಷ್ಟು ಕಾಲಕ್ಕೆ. ಕೊನೆಯಲ್ಲಿ ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಅಳತೆ. ನಾನು ಚರ್ಮದ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ದಪ್ಪಕ್ಷರ ಬಂದಲ್ಲೆಲ್ಲ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದೆ. ಒಂದೇ ಮುದ್ದೆಯಾಗಿದ್ದ ಬರಹ ಹನ್ನೊಂದು ತುಂಡಾಯಿತು. ತುಂಡುತುಂಡಾಗಿ ಕನ್ನಡಕ್ಕೆ ತಂದೆ. ಟ್ರಾಮಿನಲ್ಲಿ ಹೋಗುವಾಗಲೂ ತುಟಿ ಆಡಿಸುತ್ತಿದ್ದೆನಂತೆ. ಪಕ್ಕದಲ್ಲಿ ಕೂತವರು ಜಪ ಎಂದುಕೊಂಡಿರಬೇಕು.

ಮೂರನೆಯ ದಿನ ಹತ್ತನೆಯ ತುಂಡಿಗೆ ಬಂದೆ. ನನ್ನ ಉತ್ಸಾಹದ ಗಾಳಿ ಅಲ್ಲಿ ಇಳಿಯಿತು. ‘ಸದರಿ ಕಾಂತುವೂ ಅವನ ವಾರಸುದಾರರೂ ಎಂದೆಂದಿಗೂ ಹೊಂದಿ ಅನುಭವಿಸತಕ್ಕದ್ದು.’

ಸಾಹೇಬರು ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಾಂತುವಿಗೆ ಮಗನಿದ್ದನೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇದ್ದ ಸರ್. ತ್ಯಾಂಪ ಅಂತ. ನೋಟೀಸು ಕೊಟ್ಟವನು ಅವನ ಮೊಮ್ಮಗ."

"ಹಾಗಾದರೆ ನಿನ್ನ ಮುದುಕಿಗೆ ಹೇಳಿಬಿಡು. ಮಗನಿರುವಾಗ ತಂಗಿ ವಾರಸುದಾರಳಾಗುವುದಿಲ್ಲ. ನೋಟೀಸು ಕೊಟ್ಟವನ ಹತ್ತಿರ ಆರು ತಿಂಗಳ ಕಾಲಾವಕಾಶ ಕೇಳಿ ಪತ್ರ ಬರೆಯೋಣ."

ತಪ್ಪೇನೂ ಹೇಳಲಿಲ್ಲ ಅವರು. ಅಜ್ಜಿಯನ್ನು ಕೇಳಿ ನಾನು ಬರೆದುಕೊಟ್ಟ ವಂಶಾವಳಿ ನೋಡಿ ಯಾರಾದರೂ ಅದನ್ನೇ ಹೇಳುತ್ತಿದ್ದರು. ಆದರೆ ನನಗೆ ಸಮಾಧಾನವಾಗಲಿಲ್ಲ. ಓದದೆ ಉಳಿದದ್ದು ಚೆಕ್ಕುಬಂದಿಯೊಂದೇ. ಮನೆ ಕೈತಪ್ಪಿದರೂ ಅದರ ಅಳತೆಯನ್ನಾದರೂ ಪೂರ್ತಿ ಓದೋಣವೆಂದು ಕೂತೆ. ಉತ್ತರಕ್ಕೆ ರಸ್ತೆ, ಪೂರ್ವಕ್ಕೆ ಭತ್ತದ ಗದ್ದೆ, ದಕ್ಷಿಣಕ್ಕೆ ಬಾವಿ, ಪಶ್ಚಿಮಕ್ಕೆ ಉಪ್ಪಿನ ಆಗರಕ್ಕೆ ಹೋಗುವ ದಾರಿ. ರಸ್ತೆಯ ಕಡೆ ಎಪ್ಪತ್ತೆರಡು ಅಡಿ.

ಭಾನುವಾರ ಅಳತೆಪಟ್ಟಿ ಹಿಡಿದು ಸಯನ್‌ಗೆ ಹೋದೆ. ಗದ್ದೆಯೂ ಇಲ್ಲ, ಆಗರದ ದಾರಿಯೂ ಇಲ್ಲ, ಸುತ್ತಲೂ ಬಿಲ್ಡಿಂಗುಗಳು. ಬಾವಿ ಮಾತ್ರ ಇತ್ತು. ಅಜ್ಜಿಯ ಮೊಮ್ಮಗಳು ಪಟ್ಟಿಯ ಒಂದು ತುದಿ ಹಿಡಿದಳು, ನಾನು ಇನ್ನೊಂದು. ರಸ್ತೆಯ ಕಡೆ ಐವತ್ತೆಂಟು ಅಡಿ ಬಂತು. ಮತ್ತೆ ಅಳೆದೆ. ಐವತ್ತೆಂಟೇ.

"ಅಮ್ಮಾರ, ಹದಿನಾಲ್ಕು ಫೂಟು ಜಾಗಾ ಎಲ್ಲಿ ಹೋತ್ರಿ?"

"ಅದಾ? ಆ ಗೋಡೌನ್ ಉಂಟಲ್ಲ, ಅವರಿಗೆ ಕ್ರಯಕ್ಕೆ ಕೊಟ್ಟದ್ದು," ಅಜ್ಜಿ ಪಕ್ಕದ ಗೋಡೆ ತೋರಿಸಿದರು. "ನಾನು ಸಣ್ಣವಳು ಆಗ, ಕಾಂತಜ್ಜ ತೀರಿಹೋಗಿ ಆಗಿತ್ತು. ಕಚ್ಛ್ ಕಡೆಯ ಒಬ್ಬ ಸೇಠ್ ಬಂದಿದ್ದ. ಸರಪಳಿ ಎಳೆದು ಅಳೆದ್ರು. ನನಗೆ ಮಿಠಾಯಿ ಕೊಟ್ಟಿದ್ದ."

ನಾನು ಅಂಗಳದಲ್ಲೇ ಒಂದು ಸುತ್ತು ಕುಣಿದದ್ದು ಆ ಹುಡುಗಿಗೆ ಇಂದಿಗೂ ನೆನಪಿರಬೇಕು. ಮುಂಬಯಿಯಲ್ಲಿ ಸೇಠ್ ಒಬ್ಬ ಜಾಗ ಕೊಂಡಿದ್ದಾನೆಂದರೆ ಕಾಗದವಿಲ್ಲದೆ ಕೊಂಡಿರುವುದಿಲ್ಲ. ಕಾಗದವಿದ್ದರೆ ಅದರಲ್ಲಿ ‘ಹೀಗಿರುವಲ್ಲಿ’ ಇರಲೇಬೇಕು: ಕಾಂತು ಸತ್ತ, ಆಮೇಲೆ ಈ ಜಾಗ ಇಂಥವರದಾಯಿತು, ಆದ್ದರಿಂದ ಅವರು ಮಾರುತ್ತಿದ್ದಾರೆ ಎಂದು. ಅಂದರೆ ಕಾಂತುವಿನ ಸಾವಿನ ನಂತರ ಯಾರನ್ನು ಒಡೆಯರೆಂದು ಒಪ್ಪಿದ್ದರು ಎನ್ನುವುದಕ್ಕೆ ಅರ್ಧ ಶತಮಾನದ ಹಿಂದೆಯೇ ಯಾರೋ ಉತ್ತರ ಬರೆದಿಟ್ಟಿದ್ದಾರೆ! ಹುಡುಕಿದರಾಯಿತು.

ಹುಡುಕಿದರಾಯಿತು ಎಂದು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ನೋಂದಣಿ ಕಚೇರಿಯ ದಫ್ತರಿನಲ್ಲಿ ಎರಡು ಬಗೆಯ ಸೂಚಿ ಪುಸ್ತಕಗಳಿರುತ್ತವೆ. ಒಂದು ಜಾಗದ ಹೆಸರಿನಿಂದ ಹುಡುಕುವುದು, ಇನ್ನೊಂದು ಬರೆದುಕೊಟ್ಟವರ ಹೆಸರಿನಿಂದ. ಜಾಗದ ಸೂಚಿ ಕೇಳಿದೆ. ದಫ್ತರು ನೋಡಿಕೊಳ್ಳುವ ಮರಾಠಿ ಗೃಹಸ್ಥರು ಆ ವರ್ಷಗಳ ಪುಸ್ತಕಗಳನ್ನು ದೂರದಿಂದಲೇ ತೋರಿಸಿದರು. ಗೆದ್ದಲು ಹಿಡಿದು ಬಟ್ಟೆ ಸುತ್ತಿಟ್ಟಿದ್ದರು. "ಮುಟ್ಟಿದರೆ ಪುಡಿ ಪುಡಿ, ಸಾಹೇಬ್. ಹೆಸರು ಗೊತ್ತಿದ್ದರೆ ಹೇಳಿ," ಎಂದರು ಹಿಂದಿಯಲ್ಲಿ.

ಹೆಸರು ಗೊತ್ತಿತ್ತಲ್ಲ! ಕಾಂತುವಿನ ಮಗ ತ್ಯಾಂಪ. ಅವನ ತಮ್ಮ ಇನ್ನೊಬ್ಬ. ಅಜ್ಜಿಯ ತಂದೆ. ಅಜ್ಜಿಯ ತಾತ. ನನ್ನ ಮೊದಲ ದಿನದ ಟಿಪ್ಪಣಿಯಲ್ಲಿ ಎಲ್ಲ ಗಂಡಸರ ಹೆಸರೂ ಸಾಲಾಗಿತ್ತು. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಡಿ ಹೋಗಿ, ಒಂದೊಂದು ವರ್ಷದ ಪುಸ್ತಕ ತೆರೆದು, ಒಂದೊಂದು ಹೆಸರಿಗೂ ಕಾಲಮಿನ ಮೇಲೆ ಬೆರಳು ಇಳಿಸುತ್ತ ಹೋದೆ. ಕೈಯೆಲ್ಲ ಧೂಳು, ಅಂಗಿಯ ತೋಳೆಲ್ಲ ಧೂಳು. ಇಪ್ಪತ್ತು ವರ್ಷಗಳ ಪುಸ್ತಕ ಮುಗಿಯಿತು. ಒಬ್ಬನೂ ಸಿಗಲಿಲ್ಲ. ನೋಟೀಸಿನ ಗಡುವಿಗೆ ಒಂದು ವಾರ ಉಳಿದಿತ್ತು. ಸಾಹೇಬರು ದಿನವೂ ಆರು ತಿಂಗಳ ಪತ್ರದ ನೆನಪು ಮಾಡುತ್ತಿದ್ದರು.

ಕೆಟ್ಟ ಸುದ್ದಿಯನ್ನು ಎದುರಿಗೇ ಹೇಳಬೇಕೆಂದು ಮುಂದಿನ ಭಾನುವಾರ ಮತ್ತೆ ಸಯನ್‌ಗೆ ಹೋದೆ. ಅಜ್ಜಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ನಾನು ಬರೆದ ವಂಶಾವಳಿಯನ್ನು ನೆಲದ ಮೇಲೆ ಹಾಸಿ, ಮೇಲೆ ಕಾಂತು, ಕೆಳಗೆ ಮಗ, ಅವನ ಕೆಳಗೆ ಮೊಮ್ಮಗ, ಅವನ ಕೆಳಗೆ ಮುಲುಂಡ್‌ನವನು ಎಂದು ತೋರಿಸಿದೆ.

ಅಜ್ಜಿ ಬಗ್ಗಿ ನೋಡಿದರು. "ಇದು ಯಾರ ಮನೆಯದ್ದು?"

"ನಿಮ್ಮದ್ರಿ."

"ನಮ್ಮದಾ? ಇಲ್ಲಪ್ಪ. ಇದು ನಮ್ಮದಲ್ಲ." ಅವರು ಮಡಿಲಿನಿಂದ ಹುಣಸೆಬೀಜ ತೆಗೆದು ನೆಲದ ಮೇಲೆ ಇಡತೊಡಗಿದರು. "ಇದು ಅಕ್ಕು, ನನ್ನ ಅಜ್ಜಿ. ಇದು ಅಕ್ಕುವಿನ ಅಣ್ಣ ಕಾಂತು." ಎರಡು ಬೀಜ ಅಕ್ಕಪಕ್ಕ. ಅಕ್ಕುವಿನ ಕೆಳಗೆ ಒಂದು ಬೀಜ. "ಇದು ನನ್ನ ಅಮ್ಮ." ಅದರ ಕೆಳಗೆ ಇನ್ನೊಂದು. "ಇದು ನಾನು." ಅದರ ಕೆಳಗೆ ಮಗಳು, ಮಗಳ ಕೆಳಗೆ ಇಬ್ಬರು ಮೊಮ್ಮಕ್ಕಳು. ಕಾಂತುವಿನ ಬೀಜದ ಕೆಳಗೆ ನೆಲ ಖಾಲಿ.

"ಕಾಂತೂನ ಮಕ್ಕಳನ್ನ ಇಡಲಿಲ್ಲಲ್ರಿ?"

"ಅವರು ಅವರ ಅಮ್ಮನ ಮನೆಯವರು. ಇಲ್ಲಿ ಎಂತಕ್ಕೆ ಇಡೋದು?" ನಾನು ಬೆಪ್ಪನಂತೆ ನೋಡುತ್ತಿದ್ದುದನ್ನು ಕಂಡು ಅಜ್ಜಿಗೆ ನಗು ಬಂತು. "ನಮ್ಮಲ್ಲಿ ಅಳಿಯಕಟ್ಟು ಮಾರಾಯ್ರೆ. ಮನೆ ಅಮ್ಮನಿಂದ ಮಗಳಿಗೆ. ಅಣ್ಣ ದುಡಿದು ಕೊಂಡ್ರೂ ಅವನು ಸತ್ತ ಮೇಲೆ ತಂಗಿಗೆ, ತಂಗಿ ಮಕ್ಕಳಿಗೆ. ಹೆಂಡತಿ ಮಕ್ಕಳಿಗೆ ಅವರದ್ದೇ ಮನೆ ಉಂಟಲ್ಲ."

"ಅಮ್ಮಾರ, ಇದನ್ನ ಮೊದಲ ದಿನಾನ ಯಾಕ ಹೇಳಲಿಲ್ರಿ?"

"ನೀವು ಎಲ್ಲಿ ಕೇಳಿದ್ರಿ? ಅಪ್ಪನ ಹೆಸರು ಹೇಳಿ ಅಂದ್ರಿ, ಹೇಳಿದೆ. ಅಜ್ಜನ ಹೆಸರು ಹೇಳಿ ಅಂದ್ರಿ, ಅದೂ ಹೇಳಿದೆ. ಇವರಿಗೆ ಎಂತಕ್ಕಪ್ಪ ಅವರೆಲ್ಲ ಅಂತ ಅನಿಸಿತು. ಕೋರ್ಟಿನವರ ಪದ್ಧತಿ ಇರಬಹುದು ಅಂತ ಸುಮ್ಮನಾದೆ."

ನನಗೆ ನಾಚಿಕೆಯೂ ಆಯಿತು, ಕಿರುಚಬೇಕೆನ್ನುವಷ್ಟು ಖುಷಿಯೂ ಆಯಿತು. ಅಳಿಯಸಂತಾನದ ಬಗ್ಗೆ ನಾನು ಕೇಳಿರಲಿಲ್ಲವೆಂದಲ್ಲ. ಕೇಳಿದ್ದೆ. ಆದರೆ ಧಾರವಾಡದ ನನ್ನ ತಲೆ, ವಂಶಾವಳಿ ಎಂದಕೂಡಲೇ ಅಪ್ಪನಿಂದ ಶುರುಮಾಡಿ ಮೇಲಕ್ಕೆ ಹತ್ತಿಬಿಟ್ಟಿತ್ತು. ಚರ್ಮದ ಮೇಲಿನ ಅಷ್ಟೂ ಇಂಗ್ಲಿಷನ್ನು ಬಿಡಿಸಿದವನು, ಎದುರಿಗೆ ಕೂತು ಕನ್ನಡದಲ್ಲಿ ಮಾತಾಡುತ್ತಿದ್ದ ಅಜ್ಜಿಯನ್ನು ಓದಿರಲಿಲ್ಲ. ‘ವಾರಸುದಾರರು’ ಎಂದು ದಸ್ತಾವೇಜು ಹೇಳಿತ್ತೇ ಹೊರತು ಅವರು ಮಕ್ಕಳೆಂದು ಎಲ್ಲೂ ಹೇಳಿರಲಿಲ್ಲ. ಅದನ್ನು ಸೇರಿಸಿ ಓದಿದ್ದು ನಾನು.

ಅಲ್ಲೇ, ಹುಣಸೆಬೀಜಗಳ ಮುಂದೆ ಕೂತು ನಿರ್ಧಾರ ಮಾಡಿದೆ. ಆರು ತಿಂಗಳ ಪತ್ರ ಬರೆಯುವುದಿಲ್ಲ. ಇಪ್ಪತ್ತು ವರ್ಷಗಳ ಪುಸ್ತಕಗಳನ್ನೂ ಮೊದಲಿನಿಂದ ತೆರೆಯುತ್ತೇನೆ. ಈ ಸಲ ಗಂಡಸರ ಹೆಸರು ಒಂದನ್ನೂ ನೋಡುವುದಿಲ್ಲ.

ಸೋಮವಾರ ಸಾಹೇಬರ ಹತ್ತಿರ ಎರಡು ದಿನದ ರಜೆ ಕೇಳಿದೆ. ಕಾರಣ ಹೇಳಿದೆ. ಅವರು, "ಬೇರೆ ಊರಿನಿಂದ ಬಂದ ಹಿಂದೂ ಕುಟುಂಬ ತನ್ನ ಕಟ್ಟಳೆಯನ್ನು ಜೊತೆಗೇ ತರುತ್ತದೆ, ಅದನ್ನು ಕೈಬಿಟ್ಟಿದ್ದಾರೆಂದು ಎದುರು ಪಕ್ಷದವರು ತೋರಿಸದ ಹೊರತು," ಎಂದರು. "ಕಾನೂನು ಅದಕ್ಕೆ ಅಡ್ಡಬರುವುದಿಲ್ಲ. ಆದರೆ ನನಗೆ ಕಾಗದ ಬೇಕು. ರಜೆ ಯಾಕೆ, ಆಫೀಸಿನ ಕೆಲಸವೆಂದೇ ಹೋಗು."

ಸಿಕ್ಕಿದ್ದು ಮಂಗಳವಾರ, ಹದಿಮೂರನೆಯ ಪುಸ್ತಕದಲ್ಲಿ. ‘ಅಕ್ಕು, ಸಯನ್ ವಾಸಿ, ಮತ್ತು ಇತರರು.’ ಸೂಚಿ ಬರೆದ ಮಹಾಶಯ ಮೊದಲ ಹೆಸರನ್ನಷ್ಟೇ ಬರೆದು ಉಳಿದವರನ್ನೆಲ್ಲ ‘ಇತರರು’ ಮಾಡಿಬಿಟ್ಟಿದ್ದ. ನಾನು ಹಾಕಿದ ಕೂಗಿಗೆ ದಫ್ತರಿನ ಗೃಹಸ್ಥರು ಏಣಿಯಿಂದಿಳಿದು ಬಂದರು. "ಹಾವು ಬಂತಾ?" ಎಂದು ಕೇಳಿದರು. ಅಕ್ಕು ಬಂದಳು ಎಂದೆ. ಅವರಿಗೆ ಏನೂ ಅರ್ಥವಾಗದಿದ್ದರೂ ನಕ್ಕು, ಆ ಸಂಪುಟವನ್ನು ತಾವೇ ಹೊತ್ತು ತಂದುಕೊಟ್ಟರು.

ಅದರಲ್ಲಿದ್ದ ಕ್ರಯಪತ್ರದ ನಕಲಿನ ಎರಡನೆಯ ಪುಟದಲ್ಲಿ ಇತ್ತು ಅದು. ‘ಹೀಗಿರುವಲ್ಲಿ ಸದರಿ ಕಾಂತುವು ಮರಣಶಾಸನ ಬರೆಯದೆ ತೀರಿಕೊಂಡಿರುವುದರಿಂದಲೂ, ಸದರಿ ಕುಟುಂಬವು ದಕ್ಷಿಣ ಕನ್ನಡ ಸೀಮೆಯ ಅಳಿಯಸಂತಾನ ಕಟ್ಟಳೆಗೆ ಒಳಪಟ್ಟಿರುವುದರಿಂದಲೂ, ಸದರಿ ಆಸ್ತಿಯು ಅವನ ತಂಗಿಯಾದ ಸದರಿ ಅಕ್ಕುವಿಗೂ ಅವಳ ಹೆಣ್ಣು ಸಂತತಿಗೂ ಸೇರಿರುವುದರಿಂದಲೂ...’ ಆ ಕಚ್ಛಿ ಸೇಠನ ಸಾಲಿಸಿಟರ್ ಯಾರೋ, ಅವನ ಹೊಟ್ಟೆ ತಣ್ಣಗಿರಲಿ! ಜಾಗ ಹದಿನಾಲ್ಕು ಅಡಿಯಾದರೂ ಏನೂ ಬಿಡದೆ ಬರೆಸಿದ್ದ. ಕಡೆಯಲ್ಲಿ ಇನ್ನೊಂದು ಸಾಲು: ‘ಮೃತ ಕಾಂತುವಿನ ಮಗ ತ್ಯಾಂಪನ ಒಪ್ಪಿಗೆ ಮೂಲಪತ್ರದಲ್ಲಿ ಕನ್ನಡ ಭಾಷೆಯಲ್ಲಿ ಇದೆ.’ ಇಂಗ್ಲಿಷ್ ನಕಲುಗಾರನಿಗೆ ಕನ್ನಡ ಬರುತ್ತಿರಲಿಲ್ಲ. ಏನೆಂದು ಬರೆದಿದೆ ಎನ್ನುವುದನ್ನು ಹಾಗೇ ಬಿಟ್ಟಿದ್ದ.

ಆ ಕನ್ನಡ ಓದದೆ ನನಗೆ ಅನ್ನ ಸೇರುವಂತಿರಲಿಲ್ಲ. ಪಕ್ಕದ ಗೋಡೌನಿನವರನ್ನು ವಿಚಾರಿಸಿದೆ. ಬಾಡಿಗೆ ಕೊಡುವುದು ಘಾಟ್ಕೋಪರ್‌ನ ಒಬ್ಬ ಸೇಠರಿಗೆ, ಕೊಂಡವರ ಮೊಮ್ಮಗನಿಗೆ. ಮರುದಿನವೇ ಲೋಕಲ್ ರೈಲು ಹಿಡಿದು ಹೋದೆ. ಸೇಠರು ಮೊದಲು ತಮ್ಮ ಜಾಗಕ್ಕೇ ಏನೋ ಕುತ್ತು ಬಂತೆಂದು ಹೆದರಿದರು. ಹಾಗಲ್ಲ, ನಿಮ್ಮ ಅಜ್ಜ ಮಾಡಿಸಿದ ಕಾಗದದಿಂದ ಒಂದು ಮನೆ ಉಳಿಯುತ್ತದೆ ಎಂದು ವಿವರಿಸಿದ ಮೇಲೆ ಕಬ್ಬಿಣದ ಕಪಾಟು ತೆರೆದರು. ಚಹಾ ತರಿಸಿದರು. ಮೂಲಪತ್ರದ ಕೊನೆಯಲ್ಲಿ, ಇಂಗ್ಲಿಷಿನ ಕೆಳಗೆ, ದುಂಡಗಿನ ಕನ್ನಡದಲ್ಲಿ ನಾಲ್ಕು ಸಾಲು. ಚಹಾ ಆರಿಹೋಯಿತು. ಸೇಠರು ತಾವೇ ಕಾಗದ ಹಿಡಿದು ಆಫೀಸಿಗೆ ಬರಲು ಒಪ್ಪಿದರು.

ಗಡುವಿಗೆ ಎರಡು ದಿನ ಮೊದಲು ಸಾಹೇಬರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಮುಲುಂಡ್‌ನವನು ವಕೀಲರನ್ನು ಕರೆತರದೆ ಒಬ್ಬನೇ ಬಂದ. ಮೂವತ್ತೈದರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ಸಭ್ಯ. ಖಳನನ್ನು ನಿರೀಕ್ಷಿಸಿದ್ದ ನನಗೆ ನಿರಾಸೆಯೇ ಆಯಿತು. ಅಜ್ಜಿಯನ್ನು ನೋಡಿ ಕೈಮುಗಿದ. ಮುತ್ತಜ್ಜನ ಮನೆ ಮರಿಮಗನಿಗಲ್ಲದೆ ಯಾರಿಗೆ ಎಂದು ಅವನು ಮನಸಾರೆ ನಂಬಿದ್ದ. ನಾನೂ ಹಾಗೇ ನಂಬಿದ್ದೆನಲ್ಲ.

ಸಾಹೇಬರು ಪೂರ್ವಕಥೆಯ ಭಾಗವನ್ನು ಅವನ ಮುಂದಿಟ್ಟರು. ಅವನು ಇಂಗ್ಲಿಷನ್ನು ಸರಾಗವಾಗಿ ಓದಿದ. ಎರಡು ಸಲ ಓದಿದ. "ಇದನ್ನು ಅವರ ಕಡೆಯವರು ಬರೆಸಿದ್ದಿರಬಹುದು," ಎಂದ. ಆಮೇಲೆ ಅವನ ಬೆರಳು ಕೆಳಗಿನ ನಾಲ್ಕು ಸಾಲಿಗೆ ಬಂದು ನಿಂತಿತು.

"ಇದು ಏನು?"

"ನಿಮ್ಮ ಅಜ್ಜಾರದ್ರಿ. ತ್ಯಾಂಪ ಅವರ ಕೈಬರಹ."

ಅವನು ಕಾಗದವನ್ನು ಬೆಳಕಿಗೆ ತಿರುಗಿಸಿದ. "ದಾದಾಜೀ ಬರೆದಿದ್ದಾ? ನನಗೆ... ಕನ್ನಡ ಮಾತಾಡ್ಲಿಕ್ಕೆ ಸ್ವಲ್ಪ ಆಗ್ತದೆ. ಪಢನಾ ನಹೀ ಆತಾ. ನೀವು ಓದಿ, ಪ್ಲೀಸ್."

ನಾನು ಓದಿದೆ. ಘಾಟ್ಕೋಪರ್‌ನಿಂದ ನಕಲು ಮಾಡಿ ತಂದು ಬಾಯಿಪಾಠ ಮಾಡಿಕೊಂಡಿದ್ದರೂ ಒಂದೊಂದು ಪದದ ಕೆಳಗೂ ಬೆರಳಿಟ್ಟೆ. ‘ಯಿದು ನನ್ನ ಸೋದರತ್ತೆಯ ಮನೆ. ನನಗಾಗಲಿ ನನ್ನ ಮಕ್ಕಳು ಮರಿಗಳಿಗಾಗಲಿ ಯಿದರಲ್ಲಿ ಹಕ್ಕು ಯಿರುವದಿಲ್ಲ. ಮುಂದೆ ನನ್ನವರು ಯಾರಾದರೂ ಕೇಳಿದರೆ ಯಿದನ್ನು ತೋರಿಸುವದು. ಮೇಲಿನ ಯಿಂಗ್ಲಿಷು ಪತ್ರವನ್ನು ಓದಿಸಿ ಕೇಳಿ ಸಂತೋಷದಿಂದ ರುಜು ಮಾಡಿದ್ದೇನೆ.’

ಅವನು ಬಹಳ ಹೊತ್ತು ಆ ಅಕ್ಷರಗಳನ್ನೇ ನೋಡಿದ. ಅಜ್ಜನನ್ನು ಅವನು ಕಂಡಿರಲಿಲ್ಲವಂತೆ. ಅವರ ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಮತ್ತೊಮ್ಮೆ ಓದಲು ಹೇಳಿದ. ಓದಿದೆ. ಜೇಬಿನಿಂದ ಪೆನ್ನು ತೆಗೆದು, ಸಾಹೇಬರ ಹತ್ತಿರ ಒಂದು ಹಾಳೆ ಕೇಳಿ, ನೋಟೀಸನ್ನು ಹಿಂತೆಗೆದುಕೊಂಡಿದ್ದೇನೆ ಎಂದು ಅಲ್ಲೇ ಬರೆದು ಸಹಿ ಹಾಕಿದ.

"ಮನೆ ನಿಮ್ಮದೇ ಅಂತ ಅವರಿಗೆ ಹೇಳು," ಎಂದರು ಸಾಹೇಬರು ನನಗೆ. ಹೇಳಿದೆ.

"ಅದು ನನಗೆ ಗೊತ್ತಿತ್ತು," ಎಂದರು ಅಜ್ಜಿ. ಕಣ್ಣು ಒದ್ದೆಯಾಗಿತ್ತು, ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಕುರ್ಚಿಯನ್ನು ಅವನ ಕಡೆ ತಿರುಗಿಸಿ ಕೂತು ಕೇಳಿದರು, "ಮಗಾ, ನಿನ್ನ ಬಳಿ ಯಾವುದು?"

ಬಳಿ ಎಂದರೆ ಅವರಲ್ಲಿ ತಾಯಿಯಿಂದ ಬರುವ ಕುಲದ ಹೆಸರು. ಅವನಿಗೆ ಆ ಮಾತೇ ಗೊತ್ತಿರಲಿಲ್ಲ. ನಾನು ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ಮನೆ ಖಾಲಿ ಮಾಡೆಂದು ನೋಟೀಸು ಬಂದಾಗಲೂ ಅಜ್ಜಿಗೆ ಅಷ್ಟು ಗಾಬರಿಯಾಗಿರಲಿಕ್ಕಿಲ್ಲ.

"ಅಯ್ಯೋ ದೇವರೇ. ನಿನ್ನ ಅಮ್ಮ ಯಾವ ಮನೆಯವ್ಳು? ಅದೂ ಗೊತ್ತಿಲ್ವಾ? ಅಮ್ಮ ಇದ್ದಾಳಾ?"

"ಇದ್ದಾಳೆ. ಮುಲುಂಡ್‌ನಲ್ಲಿ, ನನ್ನ ಜೊತೆಗೇ."

"ಮತ್ತೆ? ಅಪ್ಪನ ಅಜ್ಜನ ಮನೆ ಹುಡುಕಿಕೊಂಡು ಸಯನ್‌ವರೆಗೆ ಬಂದೆ. ಮನೆಯಲ್ಲಿ ಕೂತ ಅಮ್ಮನನ್ನು ಕೇಳ್ಲಿಲ್ಲ. ಅವಳಿಗೂ ಒಂದು ಮನೆ ಎಲ್ಲೋ ಉಂಟು ಮಗಾ. ಅದು ನಿನ್ನದು."

ಅವನು ಎದ್ದು ನಿಂತ. ಅಜ್ಜಿಯ ಕಾಲು ಮುಟ್ಟಿದ. ಬಾಗಿಲ ಹತ್ತಿರ ಹೋದವನು ತಿರುಗಿ, ನನ್ನನ್ನು ನೋಡಿ ಅವಸರದಲ್ಲಿ ಕೇಳಿದ:

"ಮುಲುಂಡ್‌ಗೆ ಈಗ ಯಾವ ಲೋಕಲ್ ಇದೆ?"